ಅಲ್ಬುಮಿನ್ ಪ್ರೋಟೀನ್ ಕಣಗಳಲ್ಲಿ ನೀಡುವ ಪ್ಯಾಕ್ಲಿಟ್ಯಾಕ್ಸೆಲ್ ಔಷಧಿ: ಸಾರ್ವಜನಿಕರಿಗೆ ಮಾಹಿತಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ತೆರಳುವ ರೋಗಿಗಳು ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಔಷಧಿಯ ಸ್ವರೂಪ

ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಯನ್ನು ಸ್ತನ, ಅಂಡಾಶಯ ಹಾಗೂ ಶ್ವಾಸಕೋಶದ ಕ್ಯಾನ್ಸರ್‌ಗಳಿಗೆ ಬಳಸಲಾಗುತ್ತದೆ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಮೊದಲು ದೊರೆತ ಈ ವಸ್ತುವು ನೀರಿನಲ್ಲಿ ಬಹುತೇಕ ಕರಗುವುದಿಲ್ಲ. ಆದ್ದರಿಂದ ಸಾಮಾನ್ಯ ವಿಧದ ಔಷಧಿಯಲ್ಲಿ ಇದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಮತ್ತು ಮದ್ಯಸಾರದಲ್ಲಿ ಕರಗಿಸಲಾಗಿರುತ್ತದೆ. ಸದರಿ ದ್ರಾವಕವು ಕೆಲವರಲ್ಲಿ ತೀವ್ರ ಅಲರ್ಜಿಯನ್ನು ಉಂಟುಮಾಡುವುದರಿಂದ, ಮುಂಚಿತವಾಗಿ ಸ್ಟೀರಾಯ್ಡ್ ಮುಂತಾದ ಔಷಧಿಗಳನ್ನು ನೀಡಬೇಕಾಗುತ್ತದೆ.

ಪ್ರೋಟೀನ್ ಕಣಗಳ ವಿಧಾನ

ಈ ವಿಧಾನದಲ್ಲಿ ದ್ರಾವಕದ ಬದಲು ಮಾನವ ರಕ್ತದಲ್ಲಿರುವ ಅಲ್ಬುಮಿನ್ ಪ್ರೋಟೀನ್ ಬಳಸಲಾಗುತ್ತದೆ. ಔಷಧಿಯು ಪ್ರೋಟೀನಿನೊಡನೆ ಸೇರಿ ಸುಮಾರು 130 ನ್ಯಾನೋಮೀಟರ್ ಗಾತ್ರದ ಕಣಗಳಾಗಿರುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಈ ಕಣಗಳನ್ನು ಲವಣಜಲದಲ್ಲಿ ಬೆರೆಸಿ ರಕ್ತನಾಳಕ್ಕೆ ನೀಡಲಾಗುತ್ತದೆ. ಮೂರು ವಾರಗಳಿಗೊಮ್ಮೆ ನೀಡುವ ಚಿಕಿತ್ಸೆಯಲ್ಲಿ ಸಾಮಾನ್ಯ ವಿಧಕ್ಕೆ ಸುಮಾರು 3 ಗಂಟೆ ಬೇಕಾದರೆ, ಇದಕ್ಕೆ ಸುಮಾರು 30 ನಿಮಿಷ ಸಾಕಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ 2005ರಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ಅನುಮೋದನೆ ದೊರೆಯಿತು.

ಗಮನಿಸಬೇಕಾದ ಅಂಶಗಳು

1. ಹೆಸರು ಒಂದೇ ಆಗಿದ್ದರೂ ಎರಡೂ ವಿಧಗಳ ಪ್ರಮಾಣ ಬೇರೆ ಬೇರೆ. ವೈದ್ಯರ ಆದೇಶವಿಲ್ಲದೆ ಒಂದರ ಬದಲು ಮತ್ತೊಂದನ್ನು ಬಳಸಬಾರದು. ಹೊರಗಿನಿಂದ ಖರೀದಿಸುವಾಗ ವೈದ್ಯರ ಚೀಟಿಯನ್ನೂ ಸೀಸೆಯ ಮೇಲಿನ ಹೆಸರನ್ನೂ ತಾಳೆ ನೋಡತಕ್ಕದ್ದು.

2. ಈ ವಿಧದಲ್ಲಿಯೂ ಬಿಳಿ ರಕ್ತಕಣಗಳ ಇಳಿಕೆ, ಕೈಕಾಲುಗಳ ಜೋಮು ಹಾಗೂ ಕೂದಲು ಉದುರುವಿಕೆ ಕಂಡುಬರುತ್ತವೆ. ಆದ್ದರಿಂದ ಪ್ರತಿ ಸರದಿಗೂ ಮುನ್ನ ರಕ್ತಪರೀಕ್ಷೆ ಕಡ್ಡಾಯ.

3. ಊರಿಗೆ ಮರಳಿದ ನಂತರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದಲ್ಲಿ ಅದನ್ನು ತುರ್ತುಸ್ಥಿತಿ ಎಂದು ಪರಿಗಣಿಸತಕ್ಕದ್ದು. ಮುಂದಿನ ಸರದಿಯವರೆಗೆ ಕಾಯದೆ, ಅಗತ್ಯವಿದ್ದಲ್ಲಿ 108 ಆಂಬುಲೆನ್ಸ್ ಮೂಲಕ, ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತೆರಳಿ, ಕೀಮೋಥೆರಪಿ ಪಡೆದಿರುವುದನ್ನು ಮೊದಲೇ ತಿಳಿಸುವುದು.

ಚಿಕಿತ್ಸಾ ನೆರವು

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಾಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ನೆರವು ಲಭ್ಯವಿರುತ್ತದೆ. ಆಧಾರ್, ಪಡಿತರ ಚೀಟಿ, ಬಯಾಪ್ಸಿ ವರದಿ ಹಾಗೂ ವೈದ್ಯರ ಶಿಫಾರಸು ಪತ್ರಗಳೊಂದಿಗೆ ಹಾಜರಾಗಿ, ಸೂಚಿಸಲಾದ ಔಷಧಿಯು ಯೋಜನೆಯ ವ್ಯಾಪ್ತಿಗೆ ಒಳಪಡುವುದೇ ಎಂಬುದನ್ನು ಚಿಕಿತ್ಸೆಗೆ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.