ಕೆಳದಿಯ ಅಕ್ಕಿ, ಗೋವೆಯ ಹಸಿವು

ಶಿವಮೊಗ್ಗೆಯಲ್ಲಿ ಬೆಳಗಿನ ಪತ್ರಿಕೆ ಬಿಚ್ಚಿದವರು ಮೊದಲು ನೋಡುವುದು ರಾಜಕೀಯವನ್ನಲ್ಲ, ಅಡಕೆಯ ಧಾರಣೆಯನ್ನು. ತೋಟವಿಲ್ಲದ ನಮ್ಮಂಥ ಮೇಷ್ಟರೂ ಅದನ್ನು ನೋಡುತ್ತೇವೆ; ಬಟ್ಟೆಯಂಗಡಿಯಿಂದ ಮದುವೆಯ ಛತ್ರದವರೆಗೆ ಊರಿನ ವ್ಯವಹಾರವೆಲ್ಲ ಆ ಒಂದು ಅಂಕಿಯನ್ನು ನೆಚ್ಚಿಕೊಂಡಿದೆ. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಕೆಯನ್ನು, ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ, ತರಿಸಿಕೊಳ್ಳಲು ಭಾರತ ಸರ್ಕಾರ ಅನುಮತಿ ಕೊಟ್ಟಾಗ ಇಲ್ಲಿ ಎದ್ದ ಕಳವಳ ಸಾಮಾನ್ಯವಾದುದಲ್ಲ. ಆಗ ನನ್ನ ಮನಸ್ಸು ನಾಲ್ಕು ಶತಮಾನಗಳಷ್ಟು ಹಿಂದಕ್ಕೆ, ಇದೇ ಜಿಲ್ಲೆಯ ಇಕ್ಕೇರಿಗೆ ಹೋಯಿತು. ಎರಡು ನಾಡುಗಳು ತಂತಮ್ಮ ಸರಕನ್ನು ಕೊಟ್ಟು ಕೊಳ್ಳುವಾಗ ಯಾರ ಕೈ ಮೇಲಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ.

1623ರಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಬ್ಬ ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಹಾಯ್ದು, ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದ. ಅವನ ಜೊತೆಯಲ್ಲಿ ಇಟಲಿಯ ಪ್ರವಾಸಿ ಪಿಯೆಟ್ರೊ ಡೆಲ್ಲಾ ವಲ್ಲೆಯೂ ಇದ್ದ. ಘಟ್ಟದ ಮೇಲಿನ ಹನುಮಂತನ ಗುಡಿಯೊಂದರಲ್ಲಿ ಹುಡುಗರು ರಾಗವಾಗಿ ಹೇಳಿಕೊಳ್ಳುತ್ತ, ಮರಳಿನ ಮೇಲೆ ಬೆರಳಿನಿಂದ ಅಂಕಿ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅವನು ಮೆಚ್ಚಿ ಬರೆದಿದ್ದಾನೆ. ಆ ರಾಯಭಾರದ ಮಾತುಕತೆಯಲ್ಲಿ ಮುಖ್ಯವಾದದ್ದೂ ಲೆಕ್ಕವೇ: ಪೋರ್ಚುಗೀಸರು ಕೊಳ್ಳಬೇಕಾದ ಮೆಣಸು, ಅದಕ್ಕೆ ಕೊಡಬೇಕಾದ ಹಣ.

ಆಗಿನ ಕಾಲಕ್ಕೆ ಮೆಣಸೆಂದರೆ ಕಪ್ಪು ಚಿನ್ನ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪರಂಗಿಯವರು ‘ಮೆಣಸಿನ ರಾಣಿ’ ಎಂದೇ ಕರೆಯುತ್ತಿದ್ದರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಆಕೆಯ ನಾಡು ಕೆಳದಿಯ ಕೈಸೇರಿತು; ಮೆಣಸಿನ ಬೆಟ್ಟಗಳೂ ಸೇರಿದವು. ಪೋರ್ಚುಗೀಸರ ಬಳಿ ಇದ್ದ ಸರಕು ಬೇರೆ. ಕೆಳದಿಯ ದಂಡಿಗೆ ಕುದುರೆ ಬೇಕು. ಒಳ್ಳೆಯ ಕುದುರೆ ನಮ್ಮ ಮಳೆನಾಡಿನಲ್ಲಿ ಹುಟ್ಟುವುದಲ್ಲ. ಅರಬಸ್ಥಾನದಿಂದ ಹಡಗಿನಲ್ಲಿ ಬರಬೇಕು. ಆ ಕಡಲ ದಾರಿಗೆ ಪೋರ್ಚುಗೀಸರು ಕಾವಲು ಕೂತಿದ್ದರು. ಅವರ ರಹದಾರಿಯಿಲ್ಲದೆ ಹೊರಟ ಹಡಗಿಗೆ ಉಳಿಗಾಲವಿರಲಿಲ್ಲ. 1568–69ರಲ್ಲಿ ಮಂಗಳೂರು, ಬಸರೂರು, ಹೊನ್ನಾವರಗಳನ್ನು ಹಿಡಿದು ಅಲ್ಲಿ ಕೋಟೆ ಕಟ್ಟಿಕೊಂಡಿದ್ದರು. ಮೇಲುನೋಟಕ್ಕೆ ಇದು ಮೆಣಸಿಗೂ ಕುದುರೆಗೂ ನಡೆದ ವ್ಯಾಪಾರ. ಅದರಲ್ಲಿ ಪೋರ್ಚುಗೀಸರದೇ ಮೇಲುಗೈ ಎಂದು ಯಾರಿಗಾದರೂ ತೋರುತ್ತದೆ. ಕೊಳ್ಳುವವನು ಬಾರದ ವರ್ಷ ಮೆಣಸು ಕಣಜದಲ್ಲೇ ಕೂರುತ್ತದೆ. ಅವನಿಗೆ ಮಲಬಾರಿನ ಮೆಣಸೂ ಇದೆ.

ಆದರೆ ಈ ಲೆಕ್ಕದ ಪುಸ್ತಕದಲ್ಲಿ ಮೂರನೆಯದೊಂದು ಸರಕಿತ್ತು. ರಾಯಭಾರಿಗಳು ಅದನ್ನು ಮೆಣಸಿನಷ್ಟು ಜೋರಾಗಿ ಹೆಸರಿಸುತ್ತಿರಲಿಲ್ಲ. ಅದು ಅಕ್ಕಿ. ಗೋವೆಯು ಅರಮನೆ, ಇಗರ್ಜಿ, ಸೈನಿಕರಿಂದ ತುಂಬಿದ ನಗರ. ಸುತ್ತಲ ನೆಲದ ಬೆಳೆ ಆ ಹೊಟ್ಟೆಗಳಿಗೆ ಸಾಲದು. ಬಸರೂರು, ಮಂಗಳೂರುಗಳ ಬಂದರಿನಿಂದ ಹೊರಟ ಅಕ್ಕಿ ಗೋವೆಯನ್ನು ಸಾಕುತ್ತಿತ್ತು. ಮಲಬಾರಿಗೂ ಮಸ್ಕತ್ತಿಗೂ ಹೋಗುತ್ತಿತ್ತು. ಹೇರೆತ್ತುಗಳು ಘಟ್ಟದಿಂದ ಮೆಣಸು, ಅಡಕೆ ಹೊತ್ತು ಇಳಿದು, ಉಪ್ಪು ಹೊತ್ತು ಹತ್ತುತ್ತಿದ್ದವು. ಕರಾವಳಿಯ ಗದ್ದೆಗಳ ಅಕ್ಕಿ ಹುಲ್ಲಿನ ಮುಡಿ ಕಟ್ಟಿಸಿಕೊಂಡು ದೋಣಿ ಏರುತ್ತಿತ್ತು.

ಮೆಣಸಿಗೂ ಅಕ್ಕಿಗೂ ಇರುವ ಭೇದ ಇಲ್ಲಿದೆ. ಮೆಣಸು ಒಂದು ವರ್ಷ ತಪ್ಪಿದರೆ ಲಿಸ್ಬನ್ನಿನ ವರ್ತಕನಿಗೆ ನಷ್ಟ. ಅಕ್ಕಿ ಒಂದು ತಿಂಗಳು ತಪ್ಪಿದರೆ ಗೋವೆಯ ಒಲೆಗಳೇ ಆರುತ್ತವೆ. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ನಮ್ಮ ಗಾದೆ ಗೋವೆಯ ರಾಜನೀತಿಯನ್ನು ನೋಡಿಯೇ ಹುಟ್ಟಿತೇನೋ ಎನ್ನಿಸುತ್ತದೆ.

ಶಿವಪ್ಪನಾಯಕ ಇದನ್ನು ಅರಿತಿದ್ದನೆಂದು ತೋರುತ್ತದೆ. 1645ರಿಂದ 1660ರವರೆಗೆ ಆಳಿದ ಆತನನ್ನು ನಾವು ‘ಶಿಸ್ತಿನ’ ಶಿವಪ್ಪನಾಯಕನೆಂದು ನೆನೆಯುವುದು ಭೂಮಿಯನ್ನು ಅಳೆಸಿ, ಫಲ ನೋಡಿ, ಕಂದಾಯ ಕಟ್ಟಿದ್ದಕ್ಕಾಗಿ. ಗದ್ದೆಯ ಬೆಲೆ ಬಲ್ಲವನಿಗೆ ಬಂದರಿನ ಬೆಲೆ ತಿಳಿಯದಿರುತ್ತದೆಯೆ? ಕಾಲವೂ ಕೂಡಿಬಂದಿತು. ಪೋರ್ಚುಗೀಸರು 1622ರಲ್ಲಿ ಹೊರ್ಮುಜನ್ನೂ 1650ರಲ್ಲಿ ಮಸ್ಕತ್ತನ್ನೂ ಕಳೆದುಕೊಂಡಿದ್ದರು. ಸಿಂಹಳದಲ್ಲಿ ಡಚ್ಚರು ಅವರನ್ನು ಮೆಟ್ಟುತ್ತಿದ್ದರು. ಮಸ್ಕತ್ತಿನ ಅರಬರು ಕುದುರೆ, ಖರ್ಜೂರ ತಂದು ಅಕ್ಕಿ ಒಯ್ಯಲು ಸಿದ್ಧರಾಗಿದ್ದರು. ಕುದುರೆಗೆ ಬೇರೆ ಬಾಗಿಲು ತೆರೆಯಿತು. ಅಕ್ಕಿಗೆ ಅಷ್ಟೇ ಹತ್ತಿರದ ಬೇರೆ ಬಾಗಿಲು ಗೋವೆಗೆ ಸಿಕ್ಕಲಿಲ್ಲ. 1652ರಿಂದ 1654ರೊಳಗೆ ಕನ್ನಡ ಕರಾವಳಿಯ ಪೋರ್ಚುಗೀಸ್ ಕೋಟೆಗಳು ಒಂದೊಂದಾಗಿ ಕೆಳದಿಯ ವಶವಾದವು.

ಇದರಿಂದ ವ್ಯಾಪಾರ ನಿಂತಿತೆ? ಇಲ್ಲ. ಸಮುದ್ರದ ಮೇಲೆ ಪರಂಗಿಯವರಿಗೆ ಸರಿಗಟ್ಟುವ ನೌಕಾಬಲ ಕೆಳದಿಗೆ ಇರಲಿಲ್ಲ. ಅಕ್ಕಿ ಬೆಳೆದವನಿಗೂ ಅದನ್ನು ಮಾರಿದರೆ ತಾನೆ ಹಣ? 1678ರಲ್ಲಿ, ಚೆನ್ನಮ್ಮಾಜಿಯ ಕಾಲದಲ್ಲಿ, ಒಪ್ಪಂದವಾಗಿ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಕೋಠಿ ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ಒಂದು ಕಾಲಕ್ಕೆ ಕೋಟೆ ಕಟ್ಟಿ ಕೂತವರು ಈಗ ಕೇಳಿ ಪಡೆದ ಕೋಠಿಯಲ್ಲಿ ಕೂತರು. ಆ ವ್ಯಾಪಾರದಲ್ಲಿ ಆದ ಪಲ್ಲಟ ಇಷ್ಟೇ. ಆದರೆ ಇದು ಸಣ್ಣದಲ್ಲ.

ಹೀಗೆ ಕೆಳದಿಗೆ ಕೀರ್ತಿ ತಂದದ್ದು ಮೆಣಸು. ಕೆಳದಿಯನ್ನು ಕಾದದ್ದು ಅಕ್ಕಿ. ಯಾವ ಸರಕಿಗೆ ಹೆಚ್ಚು ಬೆಲೆ ಎಂಬುದರಿಂದ ನಾಡಿನ ಬಲ ತಿಳಿಯುವುದಿಲ್ಲ. ಯಾವ ಸರಕಿಲ್ಲದೆ ಎದುರಿನವನು ಎಷ್ಟು ದಿನ ತಾಳಬಲ್ಲ ಎಂಬುದರಿಂದ ತಿಳಿಯುತ್ತದೆ.

ಶಿವಮೊಗ್ಗೆಯಿಂದ ಭದ್ರಾವತಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗುವ ನನಗೆ ಈ ಮಾತು ಬೇರೊಂದು ಕಾರಣಕ್ಕೂ ಕಾಡುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರೆಯ ನೀರು ನಾಲೆಯಲ್ಲಿ ಹರಿದು ಬಂದಾಗ ಈ ಸೀಮೆ ಭತ್ತದ ಗದ್ದೆಗಳಿಂದ ಹಸುರಾಯಿತು. ನನ್ನ ಕಣ್ಣೆದುರಿಗೇ ಆ ಗದ್ದೆಗಳು ಒಂದೊಂದಾಗಿ ಅಡಕೆಯ ತೋಟಗಳಾಗುತ್ತಿವೆ. ರೈತನನ್ನು ದೂರಲಾರೆ, ಭತ್ತ ಬೆಳೆದು ಮಗಳ ಮದುವೆ ಮಾಡುವುದು, ಮಗನನ್ನು ಓದಿಸುವುದು ಎಷ್ಟು ಕಷ್ಟವೆಂದು ಬಲ್ಲವನೇ ಬಲ್ಲ. ಆದರೆ ಅಡಕೆ ಮೆಣಸಿನ ಜಾತಿಯದು. ಭೂತಾನದಿಂದಲೋ ಇನ್ನೆಲ್ಲಿಂದಲೋ ಬಂದರೆ ಕೊಳ್ಳುವವನಿಗೆ ಎರಡನೆಯ ಬಾಗಿಲಿದೆ. ಅಕ್ಕಿಯಿಂದ ಗೆದ್ದವರ ನಾಡಿನಲ್ಲಿ ನಾವಿಂದು ಅಕ್ಕಿಯನ್ನು ಅಂಗಡಿಯಿಂದ ತಂದು ಉಣ್ಣುತ್ತ, ಅಡಕೆಯ ಧಾರಣೆ ಓದುತ್ತಿದ್ದೇವೆ.