ಮುಂಬಯಿಯ ಕಿರಿದಾದ ಕೊರಳು

ಅಂಧೇರಿಯ ಗೋಖಲೆ ಸೇತುವೆಯನ್ನು 2022ರ ನವೆಂಬರಿನಲ್ಲಿ ಮುಚ್ಚಿದಾಗ ವಾಹನಗಳೆಲ್ಲ ಜೋಗೇಶ್ವರಿ, ವಿಲೆಪಾರ್ಲೆಗಳ ದಾಟುದಾರಿಗಳತ್ತ ನುಗ್ಗಿ, ಅವೂ ಕಟ್ಟಿಕೊಂಡವು. ವಾಹನಗಳು ಮಿತಿಮೀರಿವೆ ಎಂದು ಹೇಳಿ ಮುಗಿಸುವುದು ವಾಡಿಕೆ. ಆ ಮಾತು ಸುಳ್ಳಲ್ಲ. ಆದರೆ ಒಂದು ಸೇತುವೆ ಇಲ್ಲದಾದೊಡನೆ ಇಷ್ಟು ದೊಡ್ಡ ನಗರ ತತ್ತರಿಸುವುದೇಕೆ ಎಂಬುದಕ್ಕೆ ನಾವು ಮುಂಬಯಿಯ ಚರಿತ್ರೆಯನ್ನೇ ಕೇಳಬೇಕು.

ಏಳು ದ್ವೀಪಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ಊರಿದು. 18ನೆಯ ಶತಮಾನದ ಕೊನೆಯಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ವರ್ಲಿಯ ಬಳಿ ಕಡಲನ್ನು ತಡೆಯಿತು. ಮುಂದಿನ ಶತಮಾನದ ಮೊದಲ ವರ್ಷಗಳಲ್ಲಿ, ಗವರ್ನರ್ ಜೊನಾಥನ್ ಡಂಕನ್ನನ ಕಾಲಕ್ಕೆ, ಸಯನ್ ಕಾಸ್‌ವೇ ಮುಂಬಯಿಯನ್ನು ಸಾಷ್ಟಿಗೆ ಜೋಡಿಸಿತು. ಮಾಹಿಮ್‌ನಿಂದ ಬಾಂದ್ರಾಕ್ಕೆ ಮಾತ್ರ ಆಗಲೂ ದೋಣಿಯೇ ಗತಿ. ಜಮ್‌ಶೇಟ್‌ಜಿ ಜೀಜೀಭಾಯಿಯವರ ಪತ್ನಿ ಅವಾಬಾಯಿ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿ ಹಣ ಕೊಟ್ಟ ಮೇಲೆ 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಹೀಗೆ ಉತ್ತರಕ್ಕೆ ಹೊರಡುವವರಿಗೆ ದೊರೆತದ್ದು ಎರಡು ಕೊರಳುಗಳು. ಮುಂದೆ ಬಂದ ಪಶ್ಚಿಮ, ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಗಳು ಹೊರಡುವುದೂ ಇದೇ ಮಾಹಿಮ್, ಸಯನ್‌ಗಳ ಬಳಿಯಿಂದ.

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಪಶ್ಚಿಮದ ಮಾರ್ಗವೂ ಬೇಗನೆ ಬಂತು. ನಗರವನ್ನು ಉದ್ದಕ್ಕೆ ಬೆಳೆಸಿದ ಹಳಿಗಳೇ ಅದನ್ನು ಅಡ್ಡಕ್ಕೆ ಸೀಳಿದವು. ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ: ಮಾಟುಂಗಾದ ಪೂರ್ವಕ್ಕೆ ಮೈಸೂರು ಅಸೋಸಿಯೇಷನ್, ಪಶ್ಚಿಮಕ್ಕೆ ಕರ್ನಾಟಕ ಸಂಘ, ನಡುವೆ ಎರಡು ರೈಲುಮಾರ್ಗಗಳು! ರಸ್ತೆಗಳ 'ಜಾಲ' ಎನ್ನುತ್ತೇವಾದರೂ ಇಲ್ಲಿರುವುದು ಏಣಿ. ಉದ್ದನೆಯ ಕೆಲವು ಕಂಬಗಳು, ದೂರದೂರಕ್ಕೆ ಮೆಟ್ಟಿಲುಗಳು. ಚೌಕುಳಿಯಂತೆ ಬೀದಿಗಳಿರುವ ಊರಿನಲ್ಲಿ ಒಂದು ಬೀದಿ ಮುಚ್ಚಿದರೆ ಅದರ ಹೊರೆ ಹತ್ತು ಬೀದಿಗಳಿಗೆ ಹಂಚಿಹೋಗುತ್ತದೆ. ಏಣಿಯಲ್ಲಿ ಅದು ಪಕ್ಕದ ಮೆಟ್ಟಿಲಿನ ಮೇಲೆಯೇ ಬೀಳಬೇಕು. ಆ ಮೆಟ್ಟಿಲು ಮೊದಲೇ ತುಂಬಿರುತ್ತದೆ. 1912ರ ಸಯನ್ ಸೇತುವೆಯನ್ನು 2024ರ ಆಗಸ್ಟಿನಲ್ಲಿ ಮುಚ್ಚಿದಾಗಲೂ ಕಂಡದ್ದು ಇದನ್ನೇ.

ನೀರು ಕೂಡ ಹಳೆಯ ನಕ್ಷೆಯನ್ನು ಮರೆತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಾಹಿಮ್ ಖಾರಿಗೆ ಸೇರುವ ಮೀಠಿ ನದಿ ಉಕ್ಕಿ, ಉತ್ತರ ದಕ್ಷಿಣಗಳು ಕೂಡುವ ತಗ್ಗಿನಲ್ಲೇ ಹರಡಿತು. ಸಾವಿರಾರು ಜನ ನಡೆದೇ ಮನೆ ಸೇರಿದರು.

ಅಂದಿನಿಂದ ಕಟ್ಟಿದ ದೊಡ್ಡ ದಾರಿಗಳಲ್ಲಿ 2009ರ ಬಾಂದ್ರಾ–ವರ್ಲಿ ಸೇತುವೆ, ಆಮೇಲಿನ ಕರಾವಳಿ ರಸ್ತೆ ಎರಡೂ ಏಣಿಗೆ ಹೊಸ ಕಂಬಗಳು. ಮೆಟ್ಟಿಲುಗಳ ವಿಷಯದಲ್ಲಿ ಅಷ್ಟು ಉತ್ಸಾಹ ನಮಗೆ ಕಾಣಿಸದು. ಗೋಖಲೆ ಸೇತುವೆಯ ಒಂದು ಭಾಗ 2024ರ ಫೆಬ್ರವರಿಯಲ್ಲಿ ತೆರೆದಾಗ ಪಕ್ಕದ ಬರ್ಫೀವಾಲಾ ಮೇಲ್ಸೇತುವೆಯ ಎತ್ತರಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಎರಡನ್ನೂ ಕೂಡಿಸಲು ಮತ್ತೆ ತಿಂಗಳುಗಳೇ ಹಿಡಿದವು.