ದಂಡಿನ ಬರಿಗಾಲು

ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತದ ಕಾಲ್ಚೆಂಡಿನ ತಂಡ ಹೊಡೆದ ಮೊದಲನೆಯ ಗೋಲು ಮೈಸೂರಿನ ಆಟಗಾರರೊಬ್ಬರದು, ಎರಡನೆಯದೂ ಮೈಸೂರಿನವರದೇ. 1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫರ್ಡಿನಲ್ಲಿ ಫ್ರಾನ್ಸಿನ ಮೇಲೆ ಎಸ್. ರಾಮನ್ ಮೊದಲನೆಯದನ್ನು ಹೊಡೆದರು. 1952ರ ಜುಲೈ 15ರಂದು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಮೇಲೆ ಎರಡನೆಯದನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ನಮ್ಮ ರಾಜಾಜಿನಗರದಲ್ಲಿ ಸಂಜೆ ಕಲ್ಲುಬೆಂಚಿನ ಮೇಲೆ ಸೇರುವ ಹಿರಿಯರು ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ಒಂದೊಂದನ್ನೂ ಬಣ್ಣಿಸಬಲ್ಲರು. ಅಹಮದ್ ಖಾನರ ಹೆಸರೆತ್ತಿದರೆ ಮಾತ್ರ, "ಯಾರು ಸ್ವಾಮಿ ಅವರು?" ಎಂದು ನನ್ನನ್ನೇ ಕೇಳುತ್ತಾರೆ.

ಈ ಪ್ರಶ್ನೆಗೆ ಕಾರಣವನ್ನು ನಮ್ಮ ಊರಿನ ಇತಿಹಾಸದಲ್ಲಿಯೇ ಹುಡುಕಬೇಕು. ಬೆಂಗಳೂರು ಬಹುಕಾಲ ಒಂದು ಊರಾಗಿರಲಿಲ್ಲ. ಕಬ್ಬನ್ ಪಾರ್ಕಿನ ಈಚೆಗೆ ಪೇಟೆ, ಆಚೆಗೆ ದಂಡು. ಪೇಟೆ ಮಹಾರಾಜರದು, 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಬ್ರಿಟಿಷರು ದಂಡನ್ನು ಮಾತ್ರ 1947ರವರೆಗೆ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಕನ್ನಡ ಸಾಹಿತ್ಯ ಬಣ್ಣಿಸಿದ ಬೆಂಗಳೂರು ಬಹುಮಟ್ಟಿಗೆ ಪೇಟೆಯ, ಬಸವನಗುಡಿಯ, ಮಲ್ಲೇಶ್ವರದ ಬೆಂಗಳೂರು. ಉರ್ದು, ತಮಿಳು, ಇಂಗ್ಲಿಷುಗಳು ಕಲೆತು ಬದುಕುತ್ತಿದ್ದ ದಂಡು ನಮ್ಮ ಲೇಖಕರಿಗೆ ಪರಸ್ಥಳವಾಗಿಯೇ ಉಳಿಯಿತು. ಕಾಲ್ಚೆಂಡು ಬೆಳೆದದ್ದಾದರೋ ಅಲ್ಲಿ.

ಆಟವನ್ನು ತಂದವರು ಗೋರಾ ಸಿಪಾಯಿಗಳು. ಪಲ್ಟಣಗಳು ಬೂಟು ತೊಟ್ಟು ಆಡುತ್ತಿದ್ದ ಬಯಲುಗಳ ಅಂಚಿನಲ್ಲಿ ನಿಂತು ನೋಡಿದ ಹುಡುಗರು ಬೂಟಿಲ್ಲದೆಯೇ ಆಟ ಕಲಿತರು. ಗಟ್ಟಿಯಾದ ಒಣನೆಲದ ಮೇಲೆ ಬರಿಗಾಲು ಬರಿಯ ಕೊರತೆಯಲ್ಲ, ಅದೊಂದು ಸಾಧನವೂ ಹೌದು. ಚೆಂಡನ್ನು ಅಂಗಾಲಿನಿಂದ ಹೊರಳಿಸಬಹುದು, ಬೆರಳುಗಳಿಂದ ತಡೆದು ಎಳೆದುಕೊಳ್ಳಬಹುದು, ಅದು ಕಾಲಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ನೋಡದೆಯೇ ಚರ್ಮದಿಂದ ತಿಳಿಯಬಹುದು. ಹೀಗೆ ಕಲಿತ ಊರಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಅಲ್ಲಿಯವರೆಗೆ ಆ ಕಪ್ಪು ಯಾವ ಭಾರತೀಯ ತಂಡದ ಕೈಗೂ ಸಿಕ್ಕಿರಲಿಲ್ಲ.

1926ರ ಡಿಸೆಂಬರಿನಲ್ಲಿ ಹುಟ್ಟಿದ ಅಹಮದ್ ಖಾನರಿಗೆ ಆಗ ಹತ್ತು ವರ್ಷ. ಆಟ ಅವರಿಗೆ ಮನೆತನದಿಂದ ಬಂದದ್ದು, ಸೋದರರೂ ಆಟಗಾರರೇ. ಅವರದು ಮುನ್ಪಡೆಯ ಎಡ ಒಳಮಗ್ಗುಲು, ಆ ಕಾಲದ ಮಾತಿನಲ್ಲಿ 'ಇನ್‌ಸೈಡ್ ಲೆಫ್ಟ್'. ಈ ಜಾಗದವನು ಬರಿಯ ಗೋಲು ಹೊಡೆಯುವವನಲ್ಲ. ಹಿಂದಿನಿಂದ ಬಂದ ಚೆಂಡನ್ನು ಕೈವಶ ಮಾಡಿಕೊಂಡು, ಎದುರಾಳಿಗಳನ್ನು ತನ್ನತ್ತ ಸೆಳೆದು, ಅವರು ಬಿಟ್ಟುಬಂದ ಜಾಗಕ್ಕೆ ಚೆಂಡನ್ನು ಕಳುಹಿಸಬೇಕಾದವನು. (ಕಾಲಾಟದಲ್ಲಿ 'ಕೈವಶ' ಎಂಬುದು ವಿಚಿತ್ರವೇ, ಭಾಷೆ ಬೇರೆ ಪದ ಕೊಟ್ಟಿಲ್ಲ.) ನೋಡಿದವರು ಅವರನ್ನು 'ಹಾವಾಡಿಗ' ಎಂದು ಕರೆದರು.

1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರಲ್ಲಿ ಲಂಡನ್ನಿಗೆ ಹೋದ ಭಾರತ ತಂಡದಲ್ಲಿ ರಾಮನ್, ಅಹಮದ್ ಖಾನರಲ್ಲದೆ ಗೋಲ್‌ಕೀಪರ್ ವರದರಾಜ್ ಮತ್ತು ಬಶೀರ್ ಕೂಡ ನಮ್ಮ ಸಂಸ್ಥಾನದವರು. ಅಂದು ಕಣಕ್ಕಿಳಿದವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಗಳಿಗೆಯ ಗೋಲಿನಿಂದ 1-2ರಲ್ಲಿ ಸೋತರು. ಆದರೆ ತಲೆ ತಗ್ಗಿಸುವ ಸೋಲಲ್ಲ ಅದು.

ಮುಂದಿನ ವರ್ಷ, 1949ರಲ್ಲಿ, ಬೆಂಗಳೂರಿನಲ್ಲಿ ಮೂರು ಸಂಗತಿಗಳು ನಡೆದವು. ಗವರ್ನರ್ ಜನರಲ್ ರಾಜಾಜಿಯವರ ಹೆಸರಿನ ನಮ್ಮ ಬಡಾವಣೆಗೆ ಅಡಿಗಲ್ಲು ಬಿತ್ತು. ಪೇಟೆ ಮತ್ತು ದಂಡುಗಳನ್ನು ಕೂಡಿಸಿ ಒಂದೇ ನಗರಸಭೆ ಮಾಡಲಾಯಿತು. ಅಹಮದ್ ಖಾನರು ಕಲ್ಕತ್ತೆಗೆ ಹೊರಟುಹೋದರು. ದಂಡು ನಮ್ಮದಾದ ವರ್ಷವೇ ದಂಡಿನ ಅತ್ಯುತ್ತಮ ಆಟಗಾರ ಪರರವರಾದರು.

ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರ ಮುನ್ಪಡೆಗೆ 'ಪಂಚಪಾಂಡವರು' ಎಂದೇ ಹೆಸರು. ಐವರೂ ದಕ್ಷಿಣದವರು. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ಮಂದಿಗೆ ಆ ಕ್ಲಬ್ಬೇ ಊರು. ಆ ಊರಿನ ಮಾನ ಕಾಯುವ ಭಾರವನ್ನು ಬಂಗಾಳಿಯೇ ಬಾರದ ಈ ಹುಡುಗರು ಹೊತ್ತರು. 1949ರಿಂದ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡು, 1951ರಲ್ಲಿಯೂ 1952ರಲ್ಲಿಯೂ ಡ್ಯುರಾಂಡ್ ಕಪ್ಪು. ಕನ್ನಡ ಮೇಷ್ಟರಾದ ನನಗೆ ಆ ಬಿರುದಿನ ಮೇಲೆ ಒಂದು ತಕರಾರಿದೆ: ತಾನು ಬಾಣ ಬಿಡದೆ ಇತರರ ರಥ ನಡೆಸುವವನು ಕೃಷ್ಣ, ಅವನು ಐವರ ಲೆಕ್ಕಕ್ಕೆ ಸೇರಿದವನಲ್ಲ.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಆದರೆ ಹೊರದೇಶದ ದಾಖಲೆಗಳಲ್ಲಿ ಅವರ ಹೆಸರು ಉಳಿದಿರುವುದು ಹೆಲ್ಸಿಂಕಿಯ ಪಂದ್ಯದಿಂದ. ಅಲ್ಲಿ ಭಾರತ 1-10ರಲ್ಲಿ ಸೋತಿತು. ಚಳಿಯ ನೆಲದಲ್ಲಿ ಬರಿಗಾಲು ನಡೆಯಲಿಲ್ಲ ಎಂಬುದು ಎಲ್ಲರೂ ಹೇಳುವ ವಿವರಣೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ಆ ಯುಗೊಸ್ಲಾವಿಯ ತಂಡ ಕಡೆಗೆ ಬೆಳ್ಳಿಯನ್ನು ಗೆದ್ದ ತಂಡ. ಅದೇ ಕೂಟದಲ್ಲಿ ಸೋವಿಯತ್ ಒಕ್ಕೂಟಕ್ಕೂ ಐದು ಗೋಲು ಹೊಡೆದ ತಂಡ. ಮೇಲಾಗಿ ನಮ್ಮ ದೇಶದಲ್ಲಿ ಪಂದ್ಯಗಳು ಆಗ ಎಪ್ಪತ್ತು ನಿಮಿಷಕ್ಕೇ ಮುಗಿಯುತ್ತಿದ್ದವು. ಅಲ್ಲಿ ತೊಂಬತ್ತು ನಿಮಿಷ ಓಡಬೇಕಾಗಿತ್ತು. ಅಹಮದ್ ಖಾನರು ಗೋಲು ಹೊಡೆದದ್ದು ಎಂಬತ್ತೊಂಬತ್ತನೆಯ ನಿಮಿಷದಲ್ಲಿ. ಫಲಿತಾಂಶ ಎಂದೋ ನಿರ್ಧಾರವಾಗಿದ್ದ ಪಂದ್ಯದಲ್ಲಿ ಆ ಹೊತ್ತಿಗೂ ಗೋಲಿನ ದಾರಿಯನ್ನು ಹುಡುಕುತ್ತಿದ್ದವರ ಮನಸ್ಸು ಎಂಥದೆಂದು ನಾನು ಆಗಾಗ ಯೋಚಿಸುತ್ತೇನೆ.

ಹೆಲ್ಸಿಂಕಿಯ ಅನಂತರ ಬೂಟು ಕಡ್ಡಾಯವಾಯಿತು. ಬಯಲಿನ ಕಲಿಕೆಯೆಲ್ಲವನ್ನೂ ಚರ್ಮದೊಳಗೆ ಕಟ್ಟಿ ಮತ್ತೆ ಕಲಿಯಬೇಕಾದಾಗ ಎಷ್ಟೋ ಮಂದಿ ಮಂಕಾದರು. ಅಹಮದ್ ಖಾನರು ಕಲಿತರು. 1950ರ ದಶಕದ ಕೊನೆಗಾಲದವರೆಗೂ ಈಸ್ಟ್ ಬೆಂಗಾಲಿಗೆ ಆಡಿದರು.

ಆಸ್ಟ್ರಿಯದ ವಿಯೆನ್ನಾದಲ್ಲಿ ಮಟಿಯಾಸ್ ಸಿಂಡೆಲಾರ್ ಎಂಬ ಆಟಗಾರರಿದ್ದರು. ಇಟ್ಟಿಗೆ ಗೂಡುಗಳ ಕೂಲಿಕಾರರ ಬಡಾವಣೆಯಲ್ಲಿ ಬೆಳೆದವರು, ತೆಳುಮೈಯ ಕಾರಣ 'ಕಾಗದದ ಮನುಷ್ಯ' ಎಂದು ಕರೆಸಿಕೊಂಡವರು. 1939ರಲ್ಲಿ ಅವರು ಸತ್ತಾಗ ಆ ನಗರದ ಸಾಹಿತಿಗಳು ಅವರನ್ನು ಕುರಿತು ಬರೆದರು. ಫ್ರೀಡ್ರಿಶ್ ಟೋರ್‌ಬರ್ಗ್ ಎಂಬ ಕವಿಯ ಪದ್ಯ ಪ್ರಸಿದ್ಧವಾಗಿದೆ. ಅಲ್ಲಿ ಕಾಫಿಮನೆಯ ಕವಿಗೂ ಕೂಲಿಕೇರಿಯ ಆಟಗಾರನಿಗೂ ಊರು ಒಂದೇ ಆಗಿತ್ತು. ಕಾಫಿಗೇನು, ನಮ್ಮಲ್ಲೂ ಬರವಿರಲಿಲ್ಲ. ಆದರೆ ನಮ್ಮ ಕವಿಗಳು ಕಾಫಿ ಕುಡಿದದ್ದು ಪಾರ್ಕಿನ ಈಚೆಗೆ.

ಅಹಮದ್ ಖಾನರು 2017ರ ಆಗಸ್ಟ್ 27ರಂದು ತೀರಿಕೊಂಡರು; ತೊಂಬತ್ತು ವರ್ಷವಾಗಿತ್ತು. ಹಲಸೂರಿನ ಗೌತಮಪುರದಲ್ಲಿ, ಹಳೆಯ ದಂಡಿನ ಕಾಲ್ಚೆಂಡು ಇನ್ನೂ ಉಸಿರಾಡುತ್ತಿರುವ ಕೇರಿಯಲ್ಲಿ, ಬ್ರೆಜಿಲಿನ ಪೆಲೆಯ ಪ್ರತಿಮೆಯೊಂದನ್ನು ಜನ ನಿಲ್ಲಿಸಿದ್ದಾರೆ. ಮೆಜೆಸ್ಟಿಕ್ಕಿನಿಂದ ಅಲ್ಲಿಗೆ ಬಸ್ಸಿನಲ್ಲಿ ಬಹಳ ಹೊತ್ತೇನೂ ಹಿಡಿಯುವುದಿಲ್ಲ.